ಪ್ರತಿಷ್ಠಾಪನೆ: ಹಳೆಯ ಮಾತು, ಹೊಸ ಕಲೆ
(ಬಾನುಲಿ ಭಾಷಣ)

ಪ್ರತಿಷ್ಠಾಪನೆ ಎಂಬ ಮಾತಿಗೆ ಕನ್ನಡದಲ್ಲಿ ಈಗ ಎರಡು ಅರ್ಥಗಳಿವೆ. ದೇವರ ಮೂರ್ತಿಯನ್ನು ಗರ್ಭಗುಡಿಯಲ್ಲಿ ನೆಲೆಗೊಳಿಸುವುದು ಹಳೆಯ ಅರ್ಥ. ಪಶ್ಚಿಮದವರು ಇನ್‌ಸ್ಟಲೇಷನ್ ಎಂದು ಕರೆಯುವ ಕಲಾಪ್ರಕಾರವನ್ನು ನಮ್ಮ ಕಲಾವಿಮರ್ಶಕರು ಪ್ರತಿಷ್ಠಾಪನ ಕಲೆ ಎಂದು ಕರೆದಾಗ ಹುಟ್ಟಿದ್ದು ಹೊಸ ಅರ್ಥ. ಗೋಡೆಗೆ ತೂಗುಹಾಕಿದ ಚಿತ್ರವನ್ನು ದೂರದಲ್ಲಿ ನಿಂತು ನೋಡುವಂತೆ ಈ ಕಲೆಯನ್ನು ನೋಡಲಾಗದು. ಇಲ್ಲಿ ಒಂದು ಆವರಣವೇ ಕೃತಿ. ನೋಡುಗನು ಅದರೊಳಗೆ ಹೊಕ್ಕು, ಸುತ್ತಿ, ಬೆಳಕು ನೆರಳುಗಳನ್ನು ಹಾದು ಹೊರಬರಬೇಕು.

ಬೆಂಗಳೂರಿನ ಮಾಣಿಕ್ಯವೇಲು ಮಹಲಿನಲ್ಲಿ 2009ರಲ್ಲಿ ರಾಷ್ಟ್ರೀಯ ಆಧುನಿಕ ಕಲಾ ಸಂಗ್ರಹಾಲಯದ ಶಾಖೆ ತೆರೆಯಿತು. 2023ರಲ್ಲಿ ಕಸ್ತೂರಬಾ ರಸ್ತೆಯಲ್ಲಿ ಕಲೆ ಮತ್ತು ಛಾಯಾಚಿತ್ರಗಳ ವಸ್ತುಸಂಗ್ರಹಾಲಯವೂ ಬಂದಿತು. ವಾನ್ ಗೋನ ಚಿತ್ರಗಳನ್ನು ಗೋಡೆ ನೆಲಗಳ ಮೇಲೆಲ್ಲ ಬೆಳಕಾಗಿ ಹರಡಿ, ಪ್ರೇಕ್ಷಕರನ್ನು ಅದರ ನಡುವೆ ನಿಲ್ಲಿಸುವ ಪ್ರದರ್ಶನಗಳೂ ನಮ್ಮ ಮಹಾನಗರಗಳಿಗೆ ಬಂದುಹೋದವು. ಇಂಥವನ್ನು ಕಂಡ ನನ್ನ ಸಾಹಿತ್ಯಮಿತ್ರರಲ್ಲಿ ಹಲವರು ‘ಇದೂ ಕಲೆಯೇ?’ ಎಂದು ಕೇಳುತ್ತಾರೆ. ಕೇಳಿದ ಉಸಿರಿನಲ್ಲೇ ‘ಕಲೆ ಎಂದರೆ ಬೇಲೂರು, ಹಳೇಬೀಡು’ ಎನ್ನುತ್ತಾರೆ. ಹಾಗಾದರೆ ಬೇಲೂರು, ಹಳೇಬೀಡುಗಳನ್ನು, ಜೊತೆಗೆ ಆ ದಾರಿಯಲ್ಲೇ ಇರುವ ಅರಸೀಕೆರೆಯನ್ನೂ ಈ ಪ್ರಶ್ನೆಯೊಡನೆ ಮತ್ತೊಮ್ಮೆ ನೋಡುವುದು ಉಚಿತ.

ಬೇಲೂರಿನಲ್ಲಿ ವಿಷ್ಣುವರ್ಧನನು ವಿಜಯನಾರಾಯಣನನ್ನು ಪ್ರತಿಷ್ಠಾಪಿಸಿದ್ದು 1117ರಲ್ಲಿ. ಇಂದು ಆ ಗುಡಿಯ ನವರಂಗವನ್ನು ಪ್ರವೇಶಿಸಿದವರಿಗೆ ಮೊದಲು ಎದುರಾಗುವುದು ಮಬ್ಬುಗತ್ತಲೆ. ಕಣ್ಣು ಅದಕ್ಕೆ ಹೊಂದಿಕೊಂಡ ಹಾಗೆ ತಿರುಗಣೆಯಲ್ಲಿ ಕಡೆದಂತಿರುವ ಕಂಬಗಳು, ನಡುವಣ ಎತ್ತರಿಸಿದ ರಂಗ, ಅದರ ಮೇಲಿನ ಭುವನೇಶ್ವರಿ ಒಂದೊಂದಾಗಿ ತೋರಿಬರುತ್ತವೆ. ಆದರೆ ಈ ಕತ್ತಲೆ 1117ರ ಕತ್ತಲೆಯಲ್ಲ. ಮೊದಲಿಗೆ ಇದು ಬದಿಗಳಲ್ಲಿ ತೆರೆದಿದ್ದ ಮಂಟಪ. ಬೆಳಕು ತಡೆಯಿಲ್ಲದೆ ಒಳಗೆ ಬರುತ್ತಿತ್ತು. ವಿಷ್ಣುವರ್ಧನನ ಮೊಮ್ಮಗ ಇಮ್ಮಡಿ ಬಲ್ಲಾಳನ ಕಾಲದಲ್ಲಿ ಕಂಬಗಳ ನಡುವೆ ಕಲ್ಲಿನ ಜಾಲಂಧ್ರಗಳನ್ನು ನಿಲ್ಲಿಸಿದರು. ಅಂದಿನಿಂದ ಬಿಸಿಲು ಕಲ್ಲಿನ ಕಂಡಿಗಳಲ್ಲಿ ಸೋಸಿ ನೆಲದ ಮೇಲೆ ಬೀಳತೊಡಗಿತು. ಮೂರ್ತಿ ಅದೇ, ಕಂಬಗಳೂ ಅವೇ. ಬೆಳಕೊಂದು ಬದಲಾದುದರಿಂದ ಇಡೀ ಅನುಭವವೇ ಬೇರೆಯಾಯಿತು. ಬೆಳಕೂ ಕಲಾವಿದನ ಸಾಮಗ್ರಿ ಎಂಬುದನ್ನು ನಮ್ಮ ರೂವಾರಿಗಳು ಎಂಟು ಶತಮಾನಗಳ ಹಿಂದೆಯೇ ಬಲ್ಲವರಾಗಿದ್ದರು.

ಬೇಲೂರಿನ ಮಂಟಪದ ಮೊದಲ ರೂಪವನ್ನು ಊಹಿಸಿಕೊಳ್ಳಲು ಅರಸೀಕೆರೆಯ ಈಶ್ವರ ದೇವಾಲಯ ನೆರವಾಗುತ್ತದೆ. ಅದು 1220ರದು, ಅದೇ ಬಲ್ಲಾಳನ ಆಳ್ವಿಕೆಯ ಕೊನೆಯ ವರ್ಷ. ಅದರ ಮುಂದಿನ ಮಂಟಪ ಹದಿನಾರು ಮೂಲೆಗಳ ನಕ್ಷತ್ರಾಕಾರದ್ದು. ಮೇಲೆ ಗುಮ್ಮಟದಂತಹ ಚಾವಣಿ, ಸುತ್ತಲೂ ಗೋಡೆಯಿಲ್ಲ. ಒಳಗೆ ನಿಂತವನಿಗೆ ಒಳಗಿದ್ದೇನೋ ಹೊರಗಿದ್ದೇನೋ ಎಂಬ ಸಂದೇಹ ಹುಟ್ಟುವಂತಿದೆ. ಬೇಲೂರಿನವರು ಮುಚ್ಚಿ ಸಾಧಿಸಿದ್ದನ್ನು ಇಲ್ಲಿನವರು ತೆರೆದಿಟ್ಟು ಸಾಧಿಸಿದ್ದಾರೆ. ಬೇಲೂರಿನಷ್ಟು ಜನ ಇಲ್ಲಿಗೆ ಬರುವುದಿಲ್ಲ. ರೈಲು ಬದಲಾಯಿಸುವ ಜಂಕ್ಷನ್ನೆಂದೇ ಊರನ್ನು ಬಲ್ಲವರು ಹೆಚ್ಚು.

ಹಳೇಬೀಡಿನ ಹೊಯ್ಸಳೇಶ್ವರದಲ್ಲಿ ಈ ಕೆಲಸ ನಡೆದಿರುವುದು ಹೊರಗೋಡೆಯಲ್ಲಿ. ತಳದಲ್ಲಿ ಆನೆಗಳ ಸಾಲು, ಅದರ ಮೇಲೆ ಸಿಂಹಗಳು, ಬಳ್ಳಿಯ ಸುರುಳಿ, ಕುದುರೆ ಸವಾರರು, ಪುರಾಣಕಥೆಗಳು, ಮಕರ, ಹಂಸ. ಹೀಗೆ ಪಟ್ಟಿಕೆಯ ಮೇಲೆ ಪಟ್ಟಿಕೆ. ಗೋಡೆ ನೇರವಾಗಿಲ್ಲ, ಮಡಿಕೆ ಮಡಿಕೆಯಾಗಿ ಒಳಸರಿದು ಹೊರಚಾಚಿದೆ. ಒಂದೆಡೆ ನಿಂತವನಿಗೆ ಎರಡು ಮುಖ ಕಂಡರೆ ಹೆಚ್ಚು. ರಾಮಾಯಣ, ಭಾರತಗಳ ಕಥೆ ಮುಂದುವರಿಯಬೇಕಾದರೆ ನೋಡುಗನ ಕಾಲು ಮುಂದುವರಿಯಬೇಕು. ಇದನ್ನು ಮನದಟ್ಟು ಮಾಡಿಕೊಳ್ಳಲು ಅದೇ ಆವರಣದ ಪುರಾತತ್ತ್ವ ಇಲಾಖೆಯ ವಸ್ತುಸಂಗ್ರಹಾಲಯಕ್ಕೆ ಹೋಗಬೇಕು. ಅಲ್ಲಿಯೂ ಹೊಯ್ಸಳರ ಶಿಲ್ಪಗಳೇ ಇವೆ. ಆದರೆ ಒಂದೊಂದೂ ಬಿಡಿಯಾಗಿ ನಿಂತಿದೆ. ಚೆಲುವು ಕುಂದಿಲ್ಲ, ಮಾತು ಮಾತ್ರ ತುಂಡಾಗಿದೆ. ಬಿಡಿ ಕೃತಿಗೂ ಆವರಣಕ್ಕೂ ಇರುವ ವ್ಯತ್ಯಾಸವನ್ನು ಇದಕ್ಕಿಂತ ಸ್ಪಷ್ಟವಾಗಿ ತಿಳಿಸುವ ಪಾಠ ಇನ್ನೊಂದಿಲ್ಲ.

ಹಾಗೆಂದು ಹೊಸದೆಲ್ಲ ನಮ್ಮಲ್ಲಿ ಮೊದಲೇ ಇತ್ತು ಎಂದು ಬೆನ್ನು ತಟ್ಟಿಕೊಳ್ಳುವುದು ನನ್ನ ಉದ್ದೇಶವಲ್ಲ. ದೇಗುಲ ಕಲಾಶಾಲೆಯಲ್ಲ. ಅಲ್ಲಿಗೆ ಬರುವವನು ಭಕ್ತ. ಅವನ ಪ್ರದಕ್ಷಿಣೆಗೆ ಗುರಿಯಿದೆ, ಗರ್ಭಗುಡಿಯಲ್ಲಿ ಅವನಿಗಾಗಿ ಕಾದಿರುವ ಮೂರ್ತಿಯಿದೆ. ಇಂದಿನ ಕೃತಿಯ ನಡುವೆ ಅಂಥ ಮೂರ್ತಿಯಿಲ್ಲ. ಅದು ಉತ್ತರ ಕೊಡುವುದಕ್ಕಿಂತ ಪ್ರಶ್ನೆ ಕೇಳುವುದೇ ಹೆಚ್ಚು. 1957ರಲ್ಲಿ ಭದ್ರಾವತಿಯಲ್ಲಿ ಹುಟ್ಟಿದ ಶೀಲಾ ಗೌಡ 2009ರಲ್ಲಿ ವೆನಿಸ್ ನಗರದ ದ್ವೈವಾರ್ಷಿಕ ಪ್ರದರ್ಶನದಲ್ಲಿ ಒಂದು ಕೃತಿಯನ್ನಿಟ್ಟರು. ದೇವಸ್ಥಾನಗಳಲ್ಲಿ ಹರಕೆಯಾಗಿ ಒಪ್ಪಿಸಿದ ಕೂದಲನ್ನು ಹೊಸೆದ ಹಗ್ಗ, ಅದರ ಜೊತೆಗೆ ಕಾರುಗಳ ಬಂಪರುಗಳು: ಅದರ ಸಾಮಗ್ರಿ ಇಷ್ಟೇ. ದೃಷ್ಟಿ ತಾಗದಿರಲೆಂದು ವಾಹನಕ್ಕೆ ಕೂದಲ ಹಗ್ಗ ಕಟ್ಟುವುದನ್ನು ನಾವೆಲ್ಲ ಬೀದಿಯಲ್ಲಿ ಕಂಡಿದ್ದೇವೆ. ಕಂಡೂ ಕಾಣದಿದ್ದ ಆ ನಂಬಿಕೆಯನ್ನೂ ಭಯವನ್ನೂ ಅವರು ರಾಶಿಯಾಗಿ ಕಣ್ಣೆದುರಿಗೆ ಹರಡಿದರು. ಸಾಮಗ್ರಿ ನಮ್ಮ ಮನೆಬಾಗಿಲಿನದು, ನೋಟ ಹೊಸದು.

ಇನ್ನೊಂದು ವ್ಯತ್ಯಾಸ ಇದಕ್ಕಿಂತ ಗಂಭೀರವಾದುದು. ಬೇಲೂರಿನ ಹೊರಗಣ ಮೂವತ್ತೆಂಟು, ಒಳಗಣ ನಾಲ್ಕು ಮದನಿಕೆಯರಲ್ಲಿ ಹಲವರ ಪೀಠದಲ್ಲಿ ಕಡೆದವರ ಹೆಸರಿದೆ. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಇಂದಿಗೂ ನಮಗೆ ಪರಿಚಿತರು. ಮಲ್ಲಿತಮ್ಮನ ಹೆಸರನ್ನು ನುಗ್ಗೇಹಳ್ಳಿಯಲ್ಲೂ ಸೋಮನಾಥಪುರದಲ್ಲೂ ಓದಬಹುದು. 1117 ಎಂಬ ವರ್ಷವನ್ನು ನಾವು ಧೈರ್ಯವಾಗಿ ಹೇಳುವುದು ಶಾಸನವಿರುವುದರಿಂದ. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳು ಯುನೆಸ್ಕೋದ ವಿಶ್ವಪರಂಪರೆಯ ಪಟ್ಟಿಗೆ ಸೇರಿದಾಗಲೂ ಕಲ್ಲಿನ ಜೊತೆಗೆ ಆ ಅಕ್ಷರಗಳು ಸಾಕ್ಷಿ ನುಡಿದವು. ಇಂದಿನ ಪ್ರತಿಷ್ಠಾಪನೆಗೆ ಕಲ್ಲಿನ ಆಯುಸ್ಸಿಲ್ಲ. ಪ್ರದರ್ಶನ ಮುಗಿದ ಮರುದಿನ ಹಗ್ಗ ಬಿಚ್ಚುತ್ತಾರೆ, ದೀಪ ಆರಿಸುತ್ತಾರೆ. ಕೋಣೆ ಮತ್ತೆ ಬರಿಯ ಕೋಣೆಯಾಗುತ್ತದೆ. ಉಳಿಯುವುದು ಕೆಲವು ಛಾಯಾಚಿತ್ರ, ಒಂದಿಷ್ಟು ಬರಹ. ಆ ಬರಹವೂ ಬಹುಮಟ್ಟಿಗೆ ಇಂಗ್ಲಿಷಿನಲ್ಲಿ.

ಹೊಯ್ಸಳರ ಕಾಲದಲ್ಲಿ ಉಳಿಯ ಕೆಲಸದ ಪಕ್ಕದಲ್ಲಿಯೇ ಕನ್ನಡದ ಅಕ್ಷರವಿತ್ತು. ಶಿಲ್ಪಿಯೂ ಕವಿಯೂ ಒಂದೇ ಗೋಡೆಯನ್ನು ಹಂಚಿಕೊಂಡಿದ್ದರು. ಆ ನೆರೆಹೊರೆಯನ್ನು ಕಳೆದುಕೊಂಡವರು ಸಾಹಿತ್ಯದವರಾದ ನಾವು. ಹೊಸ ಕಲೆಯನ್ನು ಒಪ್ಪಲೇಬೇಕೆಂದು ನಾನು ಹೇಳುತ್ತಿಲ್ಲ. ಒಳಗೆ ಹೋಗಿ, ಸುತ್ತಿ, ನೋಡಿ, ಒಪ್ಪಿದರೆ ಒಪ್ಪಿದೆವೆಂದು, ಒಪ್ಪದಿದ್ದರೆ ಏಕೆಂದು ಕನ್ನಡದಲ್ಲಿ ಬರೆಯೋಣ. ಬಾಗಿಲಲ್ಲೇ ನಿಂತು ‘ಇದೂ ಕಲೆಯೇ?’ ಎಂದು ಹಿಂದಿರುಗಿದರೆ, ಬಿಚ್ಚಿಹೋಗುವ ಈ ಕೃತಿಗಳಿಗೆ ನಮ್ಮ ನುಡಿಯಲ್ಲಿ ಒಂದು ಸಾಲಿನ ಶಾಸನವೂ ಉಳಿಯದು.