ಲೀಖ್ಟೆನೌವರ್ ಖಡ್ಗವಿದ್ಯೆಯ ಪುನಾರಚನೆ

ಯೊಹಾನೆಸ್ ಲೀಖ್ಟೆನೌವರ್ 14ನೆಯ ಶತಮಾನದ ಜರ್ಮನ್ ಕತ್ತಿವರಸೆಯ ಗುರು. ಎರಡೂ ಕೈಯಲ್ಲಿ ಹಿಡಿಯುವ ನೀಳ ಕತ್ತಿಯ ಪಟ್ಟುಗಳನ್ನು, ಹೊರಗಿನವರಿಗೆ ಗುಟ್ಟು ತಿಳಿಯದಂತೆ, ಒಗಟಿನಂಥ ಪ್ರಾಸಪದ್ಯಗಳಲ್ಲಿ ಅಡಗಿಸಿದ. ಪದ್ಯ ಮಾತ್ರ ಉಳಿದಿದ್ದರೆ ಇಂದು ಯಾರಿಗೂ ಏನೂ ಅರ್ಥವಾಗುತ್ತಿರಲಿಲ್ಲ. ಜಿಗ್ಮುಂಡ್ ರಿಂಗೆಕ್ ಮೊದಲಾದವರು ಅವಕ್ಕೆ ಬರೆದ ಟೀಕೆಗಳು 15ನೆಯ ಶತಮಾನದಿಂದ ಸಿಗುತ್ತವೆ.

ಗುರುಪರಂಪರೆ ಕಡಿದುಹೋಗಿರುವುದರಿಂದ ಈಗಿನ ಅಭ್ಯಾಸಿಗಳಿಗೆ ಹಸ್ತಪ್ರತಿಯೇ ಗುರು. ಪಾಠಾಂತರಗಳನ್ನು ಹೋಲಿಸಿ ಓದುತ್ತಾರೆ, ಮೊಂಡು ಅಲಗಿನ ಉಕ್ಕಿನ ಕತ್ತಿ ಹಿಡಿದು ಆಡಿ ನೋಡುತ್ತಾರೆ, ಮತ್ತೆ ಓದುತ್ತಾರೆ. ಇನ್ನೊಬ್ಬ ಕತ್ತಿವರಸೆ ಗುರು ಹಾನ್ಸ್ ಟಾಲ್‌ಹೋಫರನ 1467ರ ಹಸ್ತಪ್ರತಿಯ ತುಂಬ ಚಿತ್ರಗಳಿದ್ದರೂ ವಿವರಣೆ ಬಲು ಕಡಿಮೆ. ಚಿತ್ರ ಒಂದು ಕ್ಷಣವನ್ನು ತೋರಿಸೀತು, ಅದರ ಹಿಂದುಮುಂದಿನ ಹೆಜ್ಜೆಗಳನ್ನಲ್ಲ. ಲೀಖ್ಟೆನೌವರ್ ಹೇಳುವ ಐದು ಮುಖ್ಯ ಹೊಡೆತಗಳಲ್ಲಿ ಒಂದಾದ ‘ಕ್ರುಂಪ್‌ಹೌ’, ಅಂದರೆ ಬಾಗುಹೊಡೆತವನ್ನು ಹೇಗೆ ಬೀಸಬೇಕೆಂಬುದರಲ್ಲಿ ಒಮ್ಮತವಿಲ್ಲ.

ಎಲ್ಲಕ್ಕಿಂತ ಕಷ್ಟದ್ದು ‘ಫ್ಯೂಲೆನ್’: ಕತ್ತಿಗೆ ಕತ್ತಿ ತಾಗಿದಾಗ ಎದುರಾಳಿಯ ಹಿಡಿತ ಬಿಗಿಯೋ ಸಡಿಲವೋ ಎಂದು ಕೈಯಲ್ಲೇ ಅರಿಯುವುದು. ಇದು ಓದಿನಿಂದ ಬರುವುದಲ್ಲ. ಜೊತೆಗಾರ ಬೇಕೇ ಬೇಕು. ಆದರೆ ಮುಖವಾಡ, ದಪ್ಪ ಕೈಗವಸು ತೊಟ್ಟವರಿಗೆ ಹರಿತ ಅಲಗಿನ ಭಯವಿರದು. ಆ ಭಯವಿಲ್ಲದ ಆಟದಲ್ಲಿ ಗೆದ್ದ ಪಟ್ಟೇ ಮೂಲದ ಪಟ್ಟೆಂದು ನಂಬುವುದು ಅವಸರದ ಮಾತು. ಇನ್ನು ಬರಹದ ನೆರವಿನ ಮಾತಿಗೆ ಬಂದರೆ, 1570ರಲ್ಲಿ ಸ್ಟ್ರಾಸ್‌ಬುರ್ಗ್‌ನಲ್ಲಿ ಅಚ್ಚಾದ ಯೋಆಖಿಮ್ ಮೈಯರನ ಕತ್ತಿವರಸೆಯ ಗ್ರಂಥ ಹೆಚ್ಚು ವಿವರವಾಗಿದೆಯಾದರೂ ಅದು ಲೀಖ್ಟೆನೌವರ್‌ನ ನಂತರದ ಕಾಲದ್ದು.