ಪಾರಣೆಯಿಲ್ಲದ ಉಪವಾಸ

‘ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ’ ಎಂಬ ಗಾದೆಯನ್ನು ಕೇಳದೆ ಬೆಳೆದ ಕನ್ನಡಿಗರು ಇರಲಾರರು. ಆದರೆ ಒಂದು ಸಂಗತಿಯನ್ನು ಗಮನಿಸಿದ್ದೀರಾ? ಗಾದೆ ‘ಬಲ್ಲವನಿಗೆ’ ಎನ್ನುತ್ತದೆಯೇ ಹೊರತು ‘ಬಲ್ಲವಳಿಗೆ’ ಎನ್ನುವುದಿಲ್ಲ. ಬೇಯಿಸಿ ಬಡಿಸುವವಳು ಹೆಣ್ಣು, ಊಟ ಬಲ್ಲವನು ಮಾತ್ರ ಗಂಡು! ಹೆಣ್ಣು ಎಷ್ಟು ಉಣ್ಣಬೇಕು, ಯಾವಾಗ ಉಣ್ಣಬೇಕು, ಯಾವುದನ್ನು ಬಿಡಬೇಕು ಎಂಬುದನ್ನು ಅವಳ ಹಸಿವೆ ನಿರ್ಧರಿಸಿದ್ದು ಕಡಿಮೆ. ಮನೆ, ಮಡಿ, ಮದುವೆಯ ಮಾರುಕಟ್ಟೆ, ಆಮೇಲೆ ಟಿ.ವಿ. ಇವೇ ನಿರ್ಧರಿಸುತ್ತ ಬಂದಿವೆ. ಶಾಲೆಯಲ್ಲಿ ನಾನು ಚರಿತ್ರೆ ಹೇಳಿಕೊಡುವವಳು. ಪಠ್ಯಪುಸ್ತಕದಲ್ಲಿ ಬರಗಾಲದ ಹಸಿವೆಗೆ ಒಂದು ಪುಟವಾದರೂ ಇರುತ್ತದೆ. ತುಂಬಿದ ಮನೆಯಲ್ಲಿ ಹೆಣ್ಣುಮಗಳೊಬ್ಬಳು ಹಸಿದುಕೊಂಡಿರುವ ಕಥೆಗೆ ಅಲ್ಲಿ ಜಾಗವಿಲ್ಲ.

ನಾನು ಚಿಕ್ಕವಳಿದ್ದಾಗ ನಮ್ಮಂಥ ಮನೆಗಳಲ್ಲಿ ಊಟದ ಕ್ರಮ ಒಂದೇ. ಮೊದಲು ಗಂಡಸರು ಮತ್ತು ಮಕ್ಕಳು, ಕೊನೆಗೆ ಅಡುಗೆ ಮಾಡಿದವರು. ಆ ಹೊತ್ತಿಗೆ ಹುಳಿಯಲ್ಲಿ ಹೋಳು ಮುಗಿದು ತಳದ ರಸ ಮಾತ್ರ ಉಳಿದಿರುತ್ತಿತ್ತು. ‘ನನಗೇನೂ ಅಷ್ಟು ಹಸಿವಿಲ್ಲ’ ಎನ್ನುವುದು ಗೃಹಿಣಿಯ ಒಂದು ಸದ್ಗುಣವೆನಿಸಿತ್ತು. ಅದರ ಮೇಲೆ ಏಕಾದಶಿ, ಶಿವರಾತ್ರಿ, ಸಂಕಷ್ಟಿ, ಸೋಮವಾರಗಳು. ವಿಧವೆಯರಿಗಂತೂ ಜೀವಮಾನವೆಲ್ಲ ಒಪ್ಪತ್ತು. ಎಂ.ಕೆ. ಇಂದಿರಾ ಅವರು 1976ರಲ್ಲಿ ಬರೆದ ‘ಫಣಿಯಮ್ಮ’ ಕಾದಂಬರಿಯನ್ನು ನಮ್ಮಲ್ಲಿ ಎಷ್ಟೋ ಜನ ಓದಿದ್ದೇವೆ. 1983ರಲ್ಲಿ ಪ್ರೇಮಾ ಕಾರಂತರು ಅದನ್ನು ಚಲನಚಿತ್ರವನ್ನಾಗಿ ಮಾಡಿದರು. ಬಾಲ್ಯದಲ್ಲೇ ವಿಧವೆಯಾದ ಆ ಹೆಂಗಸಿನ ಬದುಕನ್ನು ಕಂಡು ಕಣ್ಣೊರೆಸಿಕೊಂಡೆವು. ಆದರೆ ಕಡಿಮೆ ಉಣ್ಣುವ ಹೆಣ್ಣು ಒಳ್ಳೆಯ ಹೆಣ್ಣು ಎಂಬ ಪಾಠ ಆ ಬಾಲವಿಧವೆಯರ ಜೊತೆಗೇ ಮುಗಿದುಹೋಗಲಿಲ್ಲ.

ಉಪವಾಸವೇ ರೋಗ ಎಂದು ನಾನು ಹೇಳುತ್ತಿಲ್ಲ. ಏಕಾದಶಿಯ ಉಪವಾಸಕ್ಕೆ ದ್ವಾದಶಿಯ ಬೆಳಿಗ್ಗೆ ಪಾರಣೆ ಇದೆ. ವ್ರತಕ್ಕೆ ಒಂದು ದಿನವಿದೆ, ಒಂದು ಮುಕ್ತಾಯವಿದೆ. ಮುಗಿದ ಮೇಲೆ ಬಾಳೆ ಎಲೆಯ ತುಂಬ ಊಟವೂ ಇದೆ. ನಾನು ಹೇಳಹೊರಟಿರುವುದು ಪಾರಣೆಯೇ ಇಲ್ಲದ ಉಪವಾಸದ ಮಾತು.

ಹಾಗೆಂದು ಹಿಂದಿನವರಿಗೆ ಸಣಕಲು ಮೈ ಚೆಂದವೆನಿಸಿರಲಿಲ್ಲ. 1876–78ರ ಧಾತು ಈಶ್ವರ ಬರದಲ್ಲಿ ಮೈಸೂರು ಸಂಸ್ಥಾನದ ಲಕ್ಷಾಂತರ ಜನ ಸತ್ತರು. ಅಂಥ ನೆನಪಿರುವ ನಾಡಿನಲ್ಲಿ ತುಂಬಿದ ಮೈಯೇ ಭಾಗ್ಯದ ಗುರುತು. ಜಗನ್ಮೋಹನ ಅರಮನೆಯ ಚಿತ್ರಶಾಲೆಗೆ ಹೋದವರು ರವಿವರ್ಮನ ಹೆಂಗಸರನ್ನು ನೋಡಿರುತ್ತೀರಿ. ದುಂಡು ತೋಳು, ತುಂಬು ಕೆನ್ನೆ. ಅವರಲ್ಲಿ ಒಬ್ಬಳೂ ಬಡಕಲಲ್ಲ. ‘ಮೈಕೈ ತುಂಬಿಕೊಂಡು ಲಕ್ಷಣವಾಗಿದ್ದಾಳೆ’ ಎಂಬುದು ನಮ್ಮ ಅಜ್ಜಿಯರ ಬಾಯಲ್ಲಿ ದೊಡ್ಡ ಹೊಗಳಿಕೆ. ಉಣ್ಣುವುದು ಕಡಿಮೆ ಇರಬೇಕು, ಕಾಣುವುದು ಮಾತ್ರ ತುಂಬಿದಂತಿರಬೇಕು ಎಂಬ ಈ ವಿಚಿತ್ರ ಜೋಡಿಯನ್ನು ನೆನಪಿಟ್ಟುಕೊಳ್ಳಿ. ಮುಂದೆ ಬದಲಾದದ್ದು ಎರಡನೆಯದು ಮಾತ್ರ. ಮೊದಲನೆಯದು ಹಾಗೆಯೇ ಉಳಿಯಿತು.

ಪಶ್ಚಿಮ ದೇಶಗಳಲ್ಲಿ ಈ ಕಾಯಿಲೆಗೆ ಬಹಳ ಹಳೆಯ ಚರಿತ್ರೆಯಿದೆ. ಇಟಲಿಯ ಸಂತಳಾದ ಸಿಯೆನಾದ ಕ್ಯಾಥರೀನ್ ದೇವರಿಗಾಗಿ ಅನ್ನ ಬಿಡುತ್ತ ಬಿಡುತ್ತ 1380ರಲ್ಲಿ, 33ನೆಯ ವಯಸ್ಸಿಗೆ ತೀರಿಕೊಂಡಳು. ಅವಳದು ಭಕ್ತಿಯೋ ಕಾಯಿಲೆಯೋ ಎಂದು ಚರಿತ್ರಕಾರರು ಇಂದಿಗೂ ವಾದಿಸುತ್ತಾರೆ. 1689ರಲ್ಲಿ ಲಂಡನ್ನಿನ ವೈದ್ಯ ರಿಚರ್ಡ್ ಮಾರ್ಟನ್, ಕ್ಷಯವೂ ಇಲ್ಲದೆ ಜ್ವರವೂ ಇಲ್ಲದೆ ಒಣಗಿಹೋದ ತರುಣಿಯೊಬ್ಬಳ ವಿಷಯ ಬರೆದ. 1873ರ ಹೊತ್ತಿಗೆ ಲಂಡನ್ನಿನ ವಿಲಿಯಂ ಗಲ್ ಮತ್ತು ಪ್ಯಾರಿಸ್ಸಿನ ಲಾಸೆಗ್ ಎಂಬ ವೈದ್ಯರು ಇದನ್ನು ಪ್ರತ್ಯೇಕ ಕಾಯಿಲೆಯೆಂದು ಗುರುತಿಸಿದರು. ಗಲ್ ಕೊಟ್ಟ ‘ಅನೊರೆಕ್ಸಿಯಾ ನರ್ವೋಸಾ’ ಎಂಬ ಹೆಸರೇ ಉಳಿಯಿತು. ಒಮ್ಮೆಗೇ ವಿಪರೀತ ತಿಂದು, ಆಮೇಲೆ ಗುಟ್ಟಾಗಿ ವಾಂತಿ ಮಾಡಿಕೊಳ್ಳುವ ಇನ್ನೊಂದು ಬಗೆಗೆ ಜೆರಾಲ್ಡ್ ರಸೆಲ್ ಎಂಬ ವೈದ್ಯರು 1979ರಲ್ಲಿ ‘ಬುಲಿಮಿಯಾ ನರ್ವೋಸಾ’ ಎಂದು ಹೆಸರಿಟ್ಟರು. ಒಂದು ಕಾಲದಲ್ಲಿ ದೇವರು, ಇನ್ನೊಂದು ಕಾಲದಲ್ಲಿ ಮಾನಮರ್ಯಾದೆ, ಮತ್ತೊಂದು ಕಾಲದಲ್ಲಿ ಸೊಂಟದ ಅಳತೆ. ಕಾರಣಗಳು ಬದಲಾದರೂ ತಟ್ಟೆಯನ್ನು ದೂರ ತಳ್ಳುವ ಕೈ ಹೆಚ್ಚಾಗಿ ಎಳೆಯ ಹೆಣ್ಣಿನದೇ ಆಗಿದೆ.

ಅನೊರೆಕ್ಸಿಯಾ ಎಂದರೆ ಹಸಿವಿಲ್ಲದಿರುವುದು ಎಂದು ಅರ್ಥ. ಆ ಹೆಸರೇ ನಮ್ಮನ್ನು ದಾರಿ ತಪ್ಪಿಸುತ್ತದೆ. ಹಸಿವು ಇರುತ್ತದೆ, ಹುಡುಗಿ ಹಗಲೂ ರಾತ್ರಿ ಅದರೊಡನೆ ಹೋರಾಡುತ್ತಿರುತ್ತಾಳೆ. ಮುಟ್ಟು ನಿಲ್ಲುತ್ತದೆ, ಕೂದಲು ಉದುರುತ್ತದೆ, ಮೂಳೆ ಸವೆಯುತ್ತದೆ, ಹೃದಯದ ಬಡಿತ ನಿಧಾನವಾಗುತ್ತದೆ. ಮನಸ್ಸಿನ ಕಾಯಿಲೆಗಳಲ್ಲಿ ಅತಿ ಹೆಚ್ಚು ಜೀವ ತೆಗೆಯುವವುಗಳಲ್ಲಿ ಇದೂ ಒಂದು. ಇದನ್ನು ಷೋಕಿ ಎಂದು ತಳ್ಳಿಹಾಕುವಂತಿಲ್ಲ.

ನಮ್ಮಲ್ಲಿ ತುಂಬಿದ ಮೈಯ ಆದರ್ಶ ಅಲುಗಾಡಿದ್ದು ತೊಂಬತ್ತರ ದಶಕದಲ್ಲಿ. 1991ರ ಆರ್ಥಿಕ ಉದಾರೀಕರಣದ ಬೆನ್ನಿಗೇ ಕೇಬಲ್ ಟಿ.ವಿ. ಮನೆಮನೆಗೆ ಬಂತು, 1994ರಲ್ಲಿ ಉದಯ ಟಿ.ವಿ. ಶುರುವಾಯಿತು. ಅದೇ ವರ್ಷ ಸುಶ್ಮಿತಾ ಸೇನ್ ಭುವನ ಸುಂದರಿ, ಮಂಗಳೂರು ಮೂಲದ ಐಶ್ವರ್ಯಾ ರೈ ವಿಶ್ವ ಸುಂದರಿ. 1996ರ ನವೆಂಬರ್ 23ರಂದು ವಿಶ್ವ ಸುಂದರಿ ಸ್ಪರ್ಧೆ ನಮ್ಮ ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲೇ ನಡೆಯಿತು. ಮಹಿಳಾ ಸಂಘಟನೆಗಳೂ, ಪ್ರೊ. ನಂಜುಂಡಸ್ವಾಮಿಯವರ ರೈತ ಸಂಘವೂ ಬೀದಿಗಿಳಿದವು. ಈಜುಡುಗೆಯ ಸುತ್ತನ್ನು ಸೇಷೆಲ್ಸ್ ದ್ವೀಪಕ್ಕೆ ಸಾಗಿಸಬೇಕಾಯಿತು. ಆಗಿನ್ನೂ ನಾನು ಹೊಸದಾಗಿ ಕೆಲಸಕ್ಕೆ ಸೇರಿದ್ದೆ. ಸ್ಟಾಫ್ ರೂಮಿನಲ್ಲಿ ನಮ್ಮ ಚರ್ಚೆಯೆಲ್ಲ ಸಂಸ್ಕೃತಿ ಕೆಟ್ಟಿತೇ ಇಲ್ಲವೇ, ಬಟ್ಟೆ ಎಷ್ಟಿರಬೇಕು ಎಂಬುದರ ಸುತ್ತಲೇ. ಅದನ್ನು ನೋಡಿದ ಹದಿನಾಲ್ಕರ ಹುಡುಗಿ ಮರುದಿನ ತನ್ನ ಡಬ್ಬಿಯನ್ನು ಏನು ಮಾಡಿಯಾಳು ಎಂಬ ಮಾತು ಅಲ್ಲಿ ಬರಲಿಲ್ಲ.

ಆ ಪ್ರಶ್ನೆಗೆ ಬಹು ದೂರದ ಫಿಜಿ ದ್ವೀಪದಿಂದ ಒಂದು ಉತ್ತರ ಬಂತು. ಅಲ್ಲಿಯೂ ನಮ್ಮಂತೆ ತುಂಬಿದ ಮೈಯೇ ಚೆಂದ. ಯಾರಾದರೂ ಊಟ ಬಿಟ್ಟರೆ ಊರಿಗೆಲ್ಲ ಚಿಂತೆ. 1995ರಲ್ಲಿ ಅಲ್ಲಿನ ಒಂದು ಪ್ರಾಂತಕ್ಕೆ ಟಿ.ವಿ. ಬಂತು. ಆ್ಯನ್ ಬೆಕರ್ ಎಂಬ ಅಮೆರಿಕದ ಮನೋವೈದ್ಯೆ ಆಗಲೂ, ಮತ್ತೆ 1998ರಲ್ಲೂ ಶಾಲಾ ಹುಡುಗಿಯರನ್ನು ವಿಚಾರಿಸಿದರು. ತೂಕ ಇಳಿಸಲು ವಾಂತಿ ಮಾಡಿಕೊಳ್ಳುತ್ತೇನೆ ಎಂದವರು ಮೊದಲ ಸಲ ಒಬ್ಬರೂ ಇರಲಿಲ್ಲ. ಮೂರು ವರ್ಷಗಳ ನಂತರ ನೂರಕ್ಕೆ 11 ಮಂದಿ ಹಾಗೆಂದರು.

ಇತ್ತ ನಮ್ಮ ವೈದ್ಯರಿಗೆ ಕಂಡದ್ದು ಇನ್ನೂ ಕುತೂಹಲದ ಸಂಗತಿ. 1995ರಲ್ಲಿ ದೆಹಲಿಯ ಏಮ್ಸ್ ಆಸ್ಪತ್ರೆಯ ವೈದ್ಯರು ಐವರು ತರುಣಿಯರ ವಿಷಯ ಪ್ರಕಟಿಸಿದರು. ಊಟ ಬಿಟ್ಟಿದ್ದಾರೆ, ವಾಂತಿಯಾಗುತ್ತಿದೆ, ತೂಕ ಇಳಿದಿದೆ, ಮುಟ್ಟು ನಿಂತಿದೆ. ಆದರೆ ಪಶ್ಚಿಮದ ಹುಡುಗಿಯರಂತೆ ‘ನಾನು ದಪ್ಪ’ ಎಂಬ ಭ್ರಮೆ ಅವರಲ್ಲಿ ಎದ್ದುಕಾಣಲಿಲ್ಲ. 2012ರಲ್ಲಿ ಬೆಂಗಳೂರಿನ ಮನೋವೈದ್ಯರನ್ನು ಕೇಳಿದಾಗ, ಸುಮಾರು ಮೂರರಲ್ಲಿ ಎರಡು ಪಾಲು ಮಂದಿ ಇಂಥ ಕಾಯಿಲೆಯವರನ್ನು ಕಂಡಿದ್ದೇವೆ ಎಂದರು. 2018ರಲ್ಲಿ ನಮ್ಮ ಮೈಸೂರಿನದೇ ಅಧ್ಯಯನವೊಂದು ಪ್ರಕಟವಾಯಿತು. 15ರಿಂದ 25 ವಯಸ್ಸಿನ 1600 ವಿದ್ಯಾರ್ಥಿಗಳಿಗೆ ಪ್ರಶ್ನಾವಳಿ ಕೊಟ್ಟು ನೋಡಿದಾಗ, ನಾಲ್ಕರಲ್ಲಿ ಒಬ್ಬರಿಗೆ ಊಟದ ವಿಷಯದಲ್ಲಿ ಅಸಹಜ ಧೋರಣೆ ಕಂಡಿತು. ಅವರೆಲ್ಲ ರೋಗಿಗಳೆಂದು ಅರ್ಥವಲ್ಲ. ಪ್ರಶ್ನಾವಳಿ ಅಪಾಯದ ಸುಳಿವು ಕೊಡುತ್ತದೆ, ರೋಗ ನಿರ್ಣಯ ಮಾಡುವುದಿಲ್ಲ. ಆದರೂ ಇದು ನಮ್ಮ ಊರಿನ ಮಾತಲ್ಲ ಎಂದು ಇನ್ನು ಹೇಳಲಾಗದು.

ಹಾಗಾದರೆ ಇದು ನಮ್ಮ ಕಣ್ಣಿಗೇಕೆ ಬೀಳುವುದಿಲ್ಲ? ಇಲ್ಲಿಯೇ ಹಳೆಯ ಪಾಠ ಕೆಲಸ ಮಾಡುತ್ತದೆ. ಕೆಲವು ವರ್ಷಗಳ ಹಿಂದೆ ನನ್ನ ತರಗತಿಯಲ್ಲಿ ಒಂಬತ್ತನೆಯ ಇಯತ್ತೆಯ ಹುಡುಗಿಯೊಬ್ಬಳಿದ್ದಳು. ತಂದ ಉಪ್ಪಿಟ್ಟನ್ನೆಲ್ಲ ಗೆಳತಿಯರಿಗೆ ಹಂಚಿಬಿಡುವಳು. ಸೋಮವಾರ ಶಿವನಿಗೆ, ಗುರುವಾರ ರಾಯರಿಗೆ, ಶನಿವಾರ ಹನುಮಂತನಿಗೆ ಉಪವಾಸ. ಬೆಳಗಿನ ಪ್ರಾರ್ಥನೆಯಲ್ಲಿ ಎರಡು ಸಲ ತಲೆಸುತ್ತಿ ಬಿದ್ದಳು. ತಾಯಿಯನ್ನು ಕರೆಸಿದಾಗ ಆಕೆ, ‘ನಮ್ಮ ಹುಡುಗಿಗೆ ತಿನ್ನೋ ಚಪಲವೇ ಇಲ್ಲ ಮಿಸ್, ದೈವಭಕ್ತಿ ಜಾಸ್ತಿ’ ಎಂದರು. ಆ ಮಾತಿನಲ್ಲಿ ಹೆಮ್ಮೆಯಿತ್ತು. ಹುಡುಗಿ ತಲೆ ತಗ್ಗಿಸಿ ನಿಂತಿದ್ದಳು. ‘ನೀನು ದೇವರನ್ನು ಏನು ಕೇಳಿಕೊಳ್ಳುತ್ತೀಯಮ್ಮಾ?’ ಎಂದೆ. ಬಹಳ ಹೊತ್ತಿನ ಮೇಲೆ, ‘ಹಸಿವಾಗದೆ ಇರಲಿ ಅಂತ’ ಎಂದಳು. ತಾಯಿ ಮಗಳ ಮುಖವನ್ನೇ ನೋಡುತ್ತ ಕುಳಿತುಬಿಟ್ಟರು. ಆ ವಾರವೇ ಅವಳನ್ನು ವೈದ್ಯರಲ್ಲಿಗೆ ಕರೆದುಕೊಂಡು ಹೋದರು. ಅವಳು ಚೇತರಿಸಿಕೊಳ್ಳಲು ವರ್ಷದ ಮೇಲಾಯಿತು.

ಆ ತಾಯಿಯನ್ನು ನಾನು ದೂರಲಾರೆ. ಆಕೆ ಕಲಿತದ್ದನ್ನೇ ಆಕೆ ಮೆಚ್ಚಿದರು. ಕೆಲವರ ಮೈಯಲ್ಲಿ ಹುಟ್ಟಿನಿಂದಲೇ ಈ ಕಾಯಿಲೆಯ ಒಲವು ಇರುತ್ತದೆಂದೂ, ತಂದೆತಾಯಿಯರನ್ನು ಹಳಿದು ಪ್ರಯೋಜನವಿಲ್ಲವೆಂದೂ ವೈದ್ಯರು ಈಗ ಹೇಳುತ್ತಾರೆ. ಗಂಡುಮಕ್ಕಳಿಗೂ ಇದು ಬರುವುದುಂಟು. ಸಮಾಜ ಮಾಡುವ ಕೆಲಸ ಬೇರೆ: ಕಿಡಿ ಇರುವಲ್ಲಿ ಗಾಳಿ ಹಾಕುತ್ತದೆ, ಹೊಗೆಯನ್ನು ಧೂಪವೆಂದು ಕೊಂಡಾಡುತ್ತದೆ.

ಇನ್ನೊಂದು ಆಕ್ಷೇಪವೂ ಇದೆ. ಕರ್ನಾಟಕದ ಹೆಂಗಸರಲ್ಲಿ ಅರ್ಧಕ್ಕೆ ಹತ್ತಿರ ಹತ್ತಿರ ಮಂದಿಗೆ ರಕ್ತಹೀನತೆಯಿದೆ ಎಂದು 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುತ್ತದೆ. ಹೀಗಿರುವಾಗ ಉಳ್ಳವರ ಮನೆಯ ಹುಡುಗಿಯ ಊಟದ ಚಿಂತೆ ಯಾಕೆ ಎನ್ನಬಹುದು. ನನಗೆ ಇವು ಎರಡು ಬೇರೆ ಕಥೆಗಳಾಗಿ ಕಾಣುವುದಿಲ್ಲ. ಕೊನೆಯಲ್ಲಿ ಉಂಡು ರಕ್ತ ಕಳೆದುಕೊಂಡ ತಾಯಿಯೂ, ಡಬ್ಬಿ ಹಂಚಿಬಿಡುವ ಮಗಳೂ ‘ನನ್ನ ಹಸಿವೆ ಲೆಕ್ಕಕ್ಕಿಲ್ಲ’ ಎಂಬುದನ್ನು ಒಂದೇ ಅಡುಗೆಮನೆಯಲ್ಲಿ ಕಲಿತವರು.

ನಮ್ಮ ಊರಿನಲ್ಲಿ ಬಾಳಿದ ತ್ರಿವೇಣಿಯವರು 1963ರಲ್ಲಿ ತೀರಿಕೊಳ್ಳುವ ಮುನ್ನವೇ ಹೆಣ್ಣಿನ ಮನಸ್ಸಿನ ಕಾಯಿಲೆಯನ್ನು ಕಾದಂಬರಿಗೆ ತಂದರು. ‘ಶರಪಂಜರ’ ಓದಿದವರಿಗೆ ಗೊತ್ತು: ಅಲ್ಲಿ ಕಾವೇರಿಯನ್ನು ಚುಚ್ಚಿದ್ದು ಕಾಯಿಲೆಗಿಂತ ಹೆಚ್ಚಾಗಿ ಸುತ್ತಲಿನವರ ಮಾತು. ಇಲ್ಲಿಯೂ ಹಾಗೆಯೇ. ‘ಏನೇ, ಇಷ್ಟು ದಪ್ಪಗಾಗಿಬಿಟ್ಟಿದ್ದೀಯ’ ಎಂದು ಮದುವೆಮನೆಯ ಬಾಗಿಲಲ್ಲೇ ಸ್ವಾಗತಿಸುವವರೂ, ‘ಸಣ್ಣಗಾದೆ, ಈಗ ಚೆನ್ನಾಗಿ ಕಾಣ್ತೀಯ’ ಎಂದು ಬೆನ್ನು ತಟ್ಟುವವರೂ ನಾವೇ ಅಲ್ಲವೇ?

ಮನೆಯ ಹುಡುಗಿ ದಿನಗಟ್ಟಲೆ ಒಂದಲ್ಲ ಒಂದು ನೆಪ ಹೇಳಿ ಊಟ ತಪ್ಪಿಸುತ್ತಿದ್ದರೆ, ಉಂಡ ಕೂಡಲೇ ಬಚ್ಚಲಿಗೆ ಓಡುತ್ತಿದ್ದರೆ, ಮುಟ್ಟು ನಿಂತಿದ್ದರೆ, ಬೈದು ತಿನ್ನಿಸಲು ಹೋಗಬೇಡಿ, ವೈದ್ಯರಿಗೆ ತೋರಿಸಿ. ಸರ್ಕಾರವು 2022ರಲ್ಲಿ ಆರಂಭಿಸಿದ ಟೆಲಿ ಮಾನಸ್ ಸೇವೆಗೆ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಬೇಗ ಹಿಡಿದರೆ ಈ ಕಾಯಿಲೆ ವಾಸಿಯಾಗುತ್ತದೆ. ಮತ್ತೆ ಈ ರಾತ್ರಿ ಬಡಿಸುವಾಗ, ಎಲ್ಲರ ಊಟ ಮುಗಿಯಲಿ ಎಂದು ಕಾಯದೆ ನಿಮ್ಮ ತಟ್ಟೆಯನ್ನೂ ಜೊತೆಗೇ ಇಟ್ಟುಕೊಳ್ಳಿ. ಮಗಳು ನೋಡುತ್ತಿರುತ್ತಾಳೆ.