ಜೆರೇನಿಯಂ ಹೂವು ತಿನ್ನಬಹುದೇ? ಪರಿಮಳ, ಪ್ರಯೋಜನದ ಬಗ್ಗೆ ಇಲ್ಲಿದೆ ಮಾಹಿತಿ

ಬಾಲ್ಕನಿಯ ಕುಂಡದಲ್ಲಿ ಗೊಂಚಲು ಗೊಂಚಲಾಗಿ ಅರಳುವ ಜೆರೇನಿಯಂ ಹೂವನ್ನು ಕೇಕ್, ಸಲಾಡ್, ಶರಬತ್ತಿನ ಮೇಲೆ ಉದುರಿಸುವುದುಂಟು. ಇದರಲ್ಲಿ ಔಷಧೀಯ ಗುಣವಿದೆ ಎಂಬ ಮಾತೂ ಇದೆ. ಹಾಗಾದರೆ ಈ ಹೂವಿನಲ್ಲಿ ನಿಜಕ್ಕೂ ಏನಿದೆ?

ಹೆಸರಿನ ಗೊಂದಲ

ನರ್ಸರಿಗಳಲ್ಲಿ ಜೆರೇನಿಯಂ ಎಂದು ಮಾರುವ ಗಿಡಗಳು ಹೆಚ್ಚಾಗಿ ಪೆಲಾರ್ಗೋನಿಯಂ ಕುಲಕ್ಕೆ ಸೇರಿದವು. ಇವುಗಳ ತವರು ದಕ್ಷಿಣ ಆಫ್ರಿಕಾ. 1789ರಲ್ಲೇ ಸಸ್ಯಶಾಸ್ತ್ರಜ್ಞರು ಇದನ್ನು ಬೇರೆ ಕುಲವೆಂದು ಗುರುತಿಸಿದರೂ ಹಳೆಯ ಹೆಸರೇ ಬಳಕೆಯಲ್ಲಿ ಉಳಿದಿದೆ. ಅಡುಗೆಗೆ ಹೆಚ್ಚಾಗಿ ಬಳಸುವುದು ಇದರ ಸುವಾಸನೆಯ ತಳಿಗಳನ್ನು.

ಪರಿಮಳ ಇರುವುದು ಎಲೆಯಲ್ಲಿ

ಈ ತಳಿಗಳಲ್ಲಿ ಹೂವಿಗಿಂತ ಎಲೆಗೇ ಘಮ ಹೆಚ್ಚು. ಎಲೆಯ ಮೇಲಿನ ಸಣ್ಣ ರೋಮಗಳ ತುದಿಯಲ್ಲಿ ಎಣ್ಣೆಯ ಗ್ರಂಥಿಗಳಿರುತ್ತವೆ. ಎಲೆಯನ್ನು ಉಜ್ಜಿದಾಗ ಅವು ಒಡೆದು ವಾಸನೆ ಹೊರಬರುತ್ತದೆ. ಗುಲಾಬಿ ಪರಿಮಳದ ತಳಿಯಲ್ಲಿ ಸಿಟ್ರೊನೆಲಾಲ್, ಜೆರೇನಿಯಾಲ್ ಮತ್ತು ಲಿನಲೂಲ್ ಎಂಬ ಸಂಯುಕ್ತಗಳಿವೆ. ಮೊದಲ ಎರಡು ಗುಲಾಬಿ ಎಣ್ಣೆಯಲ್ಲೂ ಮುಖ್ಯವಾದವು. ಹಾಗಾಗಿಯೇ ಎರಡರ ಪರಿಮಳದಲ್ಲಿ ಅಷ್ಟೊಂದು ಹೋಲಿಕೆ. ನಿಂಬೆ, ಪುದೀನ ವಾಸನೆಯ ತಳಿಗಳೂ ಇವೆ. ನೀಲಗಿರಿ, ಕೊಡೈಕನಾಲ್ ಬೆಟ್ಟಗಳಲ್ಲಿ ಗುಲಾಬಿ ಪರಿಮಳದ ತಳಿಯನ್ನು ಸುಗಂಧದ ಎಣ್ಣೆಗಾಗಿ ಬೆಳೆಯಲಾಗುತ್ತದೆ.

ಹೂವಿನಲ್ಲಿ ಏನಿದೆ?

ಹೂವಿನ ವಿಶೇಷ ಅದರ ಬಣ್ಣ. ಕೆಂಪು ಎಸಳಿಗೆ ಬಣ್ಣ ಕೊಡುವ ಪೆಲಾರ್ಗೋನಿಡಿನ್‌ಗೆ ಆ ಹೆಸರು ಬಂದಿದ್ದೇ ಈ ಗಿಡದಿಂದ. ಸ್ಟ್ರಾಬೆರಿಯ ಕೆಂಪಿಗೂ ಇದೇ ಮುಖ್ಯ ಕಾರಣ. ಇದು ಆಂಥೋಸಯಾನಿನ್ ಗುಂಪಿನ ವರ್ಣದ್ರವ್ಯ. ಪ್ರಯೋಗಾಲಯದ ಪರೀಕ್ಷೆಗಳಲ್ಲಿ ಈ ಗುಂಪಿಗೆ ಆಂಟಿಆಕ್ಸಿಡೆಂಟ್ ಗುಣ, ಜೆರೇನಿಯಂ ಎಣ್ಣೆಗೆ ಸೂಕ್ಷ್ಮಾಣುಗಳನ್ನು ತಡೆಯುವ ಗುಣ ಕಂಡುಬಂದಿದೆ. ಆದರೆ ತಟ್ಟೆಯ ಮೇಲೆ ಉದುರಿಸುವ ನಾಲ್ಕಾರು ಎಸಳಿನಿಂದ ಸಿಗುವ ಪ್ರಮಾಣ ತೀರಾ ಕಡಿಮೆ. ಇದನ್ನು ರುಚಿ, ಅಂದಕ್ಕಾಗಿ ಬಳಸಿ; ಕಾಯಿಲೆಗೆ ಮದ್ದೆಂದು ನಂಬಬೇಡಿ.

ಬಳಸುವುದು ಹೇಗೆ?

ಸಕ್ಕರೆ ಡಬ್ಬಿಯಲ್ಲಿ ಒರೆಸಿ ಒಣಗಿಸಿದ ನಾಲ್ಕೈದು ಎಲೆ ಹಾಕಿ ಕೆಲ ದಿನ ಮುಚ್ಚಿಟ್ಟರೆ ಸಕ್ಕರೆಗೆ ಪರಿಮಳ ಹಿಡಿಯುತ್ತದೆ. ಎಸಳುಗಳನ್ನು ಐಸ್ ಕ್ಯೂಬ್‌ನಲ್ಲಿ ಸೇರಿಸಬಹುದು, ಪಾಯಸ ಆರಿದ ಮೇಲೆ ಉದುರಿಸಬಹುದು.

ಈ ಎಚ್ಚರಿಕೆ ಇರಲಿ

* ಅಲಂಕಾರಕ್ಕೆಂದು ಮಾರುವ ಗಿಡ, ಹೂಗಳಿಗೆ ಕೀಟನಾಶಕ ಸಿಂಪಡಿಸಿರಬಹುದು. ಅವನ್ನು ತಿನ್ನಬೇಡಿ. ಔಷಧ ಹೊಡೆಯದೆ ಮನೆಯಲ್ಲೇ ಬೆಳೆಸಿದ್ದನ್ನು ತೊಳೆದು ಬಳಸಿ.
* ಜೆರೇನಿಯಂ ಎಣ್ಣೆಯನ್ನು ಕುಡಿಯಬಾರದು. ಎಲೆಗಿಂತ ಅದು ಹಲವು ಪಟ್ಟು ತೀಕ್ಷ್ಣ.
* ಜೆರೇನಿಯಾಲ್, ಸಿಟ್ರೊನೆಲಾಲ್ ಕೆಲವರಿಗೆ ಚರ್ಮದ ಅಲರ್ಜಿ ಉಂಟುಮಾಡುತ್ತವೆ. ಮೊದಲ ಬಾರಿ ಸ್ವಲ್ಪವೇ ರುಚಿ ನೋಡಿ.
* ಈ ಗಿಡ ನಾಯಿ, ಬೆಕ್ಕುಗಳಿಗೆ ವಿಷಕಾರಿ. ಸಾಕುಪ್ರಾಣಿಗಳಿದ್ದರೆ ಕುಂಡವನ್ನು ಅವುಗಳಿಗೆ ಎಟುಕದಂತೆ ಇಡಿ.